ಊರಿಗೆ ಬಂದ ಹೊಗೆ ಎಲ್ಲಿಯದು? ಉಪಗ್ರಹ ಚಿತ್ರದಲ್ಲಿ ಕಾಳ್ಗಿಚ್ಚಿನ ಜಾಡು ಹಿಡಿಯೋದು ಹೇಗೆ: ತುಮಕೂರು, ಗುಬ್ಬಿ, ಕುಣಿಗಲ್ ಜನರಿಗೆ ಮಾಹಿತಿ

ತುಮಕೂರು: ಶಿವರಾತ್ರಿ ಹತ್ತಿರ ಬಂತು ಅಂದ್ರೆ ಜಿಲ್ಲೆಯ ಗುಡ್ಡಗಳಲ್ಲಿ ಬಾದೆ ಹುಲ್ಲು ಒಣಗಿ ನಿಂತಿರುತ್ತೆ. ಒಂದು ಬೀಡಿ ತುಂಡು ಸಾಕು. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬಿ.ಹೆಚ್. ರಸ್ತೆಯಲ್ಲಿ ಹೊಗೆ ವಾಸನೆ ಬಂದ್ರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಶುರುವಾಗುತ್ತೆ: 'ದೇವರಾಯನದುರ್ಗ ಹೊತ್ತಿ ಉರೀತಿದೆ', 'ಅಲ್ಲ, ಕಸದ ರಾಶಿಗೆ ಬೆಂಕಿ', 'ಬಂಡೀಪುರದ ಹೊಗೆ ಇಲ್ಲಿಗೆ ಬಂದಿದೆ'. ಅದರ ಜೊತೆಗೆ ಕೆಂಪು ಚುಕ್ಕಿ ತುಂಬಿದ ಒಂದು ಉಪಗ್ರಹ ಮ್ಯಾಪ್.

ಆ ಮ್ಯಾಪ್ ಸುಳ್ಳಲ್ಲ. ಆದ್ರೆ ಅದನ್ನು ಓದೋ ರೀತಿ ಗೊತ್ತಿಲ್ಲದಿದ್ರೆ ಸುಮ್ಮನೆ ಗಾಬರಿ ಹುಟ್ಟುತ್ತೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು ಆಗುತ್ತೆ: 'ಮ್ಯಾಪ್‌ನಲ್ಲಿ ಏನೂ ಇಲ್ಲ' ಅಂತ ಎಲ್ಲರೂ ಸುಮ್ಮನಾಗಿ, ಗುಡ್ಡದಲ್ಲಿ ನಿಜವಾಗಿ ಹತ್ತಿರೋ ಬೆಂಕಿಯ ಬಗ್ಗೆ ಯಾರೂ ಫೋನ್ ಮಾಡಲ್ಲ. ಹೊಗೆಯ ಜಾಡು ಉಪಗ್ರಹದಿಂದ ಹೇಗೆ ಸಿಗುತ್ತೆ, ಎಲ್ಲಿ ತಪ್ಪುತ್ತೆ ಅನ್ನೋದರ ವಿವರ ಇಲ್ಲಿದೆ.

ಬೆಂಕಿ ಚುಕ್ಕಿ ಬೇರೆ, ಹೊಗೆ ಬೇರೆ

ಉಪಗ್ರಹ ಎರಡು ಬೇರೆ ಬೇರೆ ಕೆಲಸ ಮಾಡುತ್ತೆ. ಒಂದು, ನೆಲದ ಬಿಸಿ ಅಳೆಯೋದು. ಕಣ್ಣಿಗೆ ಕಾಣದ ಅತಿಗೆಂಪು ಕಿರಣದಲ್ಲಿ ಸುತ್ತಲಿನ ಜಾಗಕ್ಕಿಂತ ಒಂದು ಕಡೆ ವಿಪರೀತ ಬಿಸಿ ಕಂಡ್ರೆ ಕಂಪ್ಯೂಟರ್ ಅಲ್ಲಿ ಒಂದು ಚುಕ್ಕಿ ಇಡುತ್ತೆ. ಇದು ಹಗಲು, ರಾತ್ರಿ ಎರಡೂ ಹೊತ್ತು ನಡೆಯುತ್ತೆ.

ಎರಡು, ಫೋಟೋ ತೆಗೆಯೋದು. ಹೊಗೆ ಕಾಣೋದು ಈ ಫೋಟೋದಲ್ಲಿ. ಇದಕ್ಕೆ ಬಿಸಿಲು ಬೇಕು, ಹಾಗಾಗಿ ಹಗಲು ಮಾತ್ರ.

ಗ್ರೂಪ್‌ಗಳಲ್ಲಿ ಓಡಾಡೋ ಕೆಂಪು ಚುಕ್ಕಿ ಮ್ಯಾಪ್ ಮೊದಲನೇ ಬಗೆಯದು. ಅದರಲ್ಲಿ ಹೊಗೆ ಎಲ್ಲಿದೆ ಅನ್ನೋ ಮಾಹಿತಿ ಇರೋದೇ ಇಲ್ಲ. ಹೊಗೆಯ ಜಾಡು ಹಿಡಿಯಬೇಕಾದ್ರೆ ಚುಕ್ಕಿ, ಫೋಟೋ, ಗಾಳಿ ಮೂರನ್ನೂ ಸೇರಿಸಿ ನೋಡಬೇಕು.

ಯಾವ ಉಪಗ್ರಹ, ಎಷ್ಟು ಹೊತ್ತಿಗೆ?

ಅಮೆರಿಕದ ನಾಸಾ 1999ರಲ್ಲಿ ಹಾರಿಸಿದ ಟೆರ್ರಾ, 2002ರಲ್ಲಿ ಹಾರಿಸಿದ ಆಕ್ವಾ ಉಪಗ್ರಹಗಳಲ್ಲಿ 'ಮೋಡಿಸ್' ಅನ್ನೋ ಉಪಕರಣ ಇದೆ. ಎರಡಕ್ಕೂ ಈಗ ವಯಸ್ಸಾಗಿದೆ. ನಂತರ ಬಂದಿದ್ದು 'ವಿಯರ್ಸ್' ಉಪಕರಣ. ಇದು 2011ರ ಸುವೋಮಿ ಎನ್‌ಪಿಪಿ, 2017ರ ನೋವಾ-20, 2022ರ ನೋವಾ-21 ಉಪಗ್ರಹಗಳಲ್ಲಿದೆ. ವಿಯರ್ಸ್ ಇರೋ ಉಪಗ್ರಹಗಳು ನಮ್ಮ ತಲೆ ಮೇಲೆ ಹಾದು ಹೋಗೋದು ಹೆಚ್ಚೂ ಕಡಿಮೆ ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಆಸುಪಾಸಿನಲ್ಲಿ.

ಅಂದ್ರೆ ಸಂಜೆ 4 ಗಂಟೆಗೆ ಹತ್ತಿ ರಾತ್ರಿ 9ಕ್ಕೆ ಆರಿಹೋದ ಬೆಂಕಿಯನ್ನು ಇವು ನೋಡೇ ಇರಲ್ಲ. ಮಾರನೇ ದಿನದ ಮ್ಯಾಪ್‌ನಲ್ಲಿ ಚುಕ್ಕಿ ಇಲ್ಲ ಅಂದ್ರೆ ಬೆಂಕಿ ಬಿದ್ದಿರಲಿಲ್ಲ ಅಂತ ಅರ್ಥ ಅಲ್ಲ.

ಈ ಕೊರತೆ ತುಂಬೋದು ನಮ್ಮ ಇಸ್ರೋದ ಇನ್ಸಾಟ್ ಸರಣಿ. 2013ರ ಇನ್ಸಾಟ್-3ಡಿ, 2016ರ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಈ ಸಾಲಿನವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ತಾವೂ ತಿರುಗುತ್ತವೆ. ಅದಕ್ಕೇ ಸದಾ ಭಾರತದ ಕಡೆ ಮುಖ ಮಾಡಿ, ಅರ್ಧ ಗಂಟೆಗೆ ಒಂದು ಚಿತ್ರ ಕೊಡ್ತವೆ. ಈ ಎತ್ತರದ ಇಸ್ರೋ ಉಪಗ್ರಹಗಳ ಹತೋಟಿ ಇರೋದು ಪಕ್ಕದ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ. ಆದ್ರೆ ಅಷ್ಟು ದೂರದಿಂದ ನೋಡೋದರಿಂದ ಚಿತ್ರ ಒರಟು. ದೊಡ್ಡ ಹೊಗೆ ಯಾವ ಕಡೆ ಸಾಗ್ತಿದೆ ಅಂತ ಸಿನಿಮಾ ಥರ ನೋಡೋಕೆ ಇದು ಒಳ್ಳೇದು, ಸಣ್ಣ ಗುಡ್ಡದ ಬೆಂಕಿಗೆ ಅಲ್ಲ.

ಒಂದು ಚುಕ್ಕಿ ಅಂದ್ರೆ ಎಷ್ಟು ಎಕರೆ?

ಹೆಚ್ಚಿನವರು ಎಡವೋದು ಇಲ್ಲೇ. ವಿಯರ್ಸ್‌ನ ಒಂದು ಚೌಕ 375 ಮೀಟರ್ ಉದ್ದ, 375 ಮೀಟರ್ ಅಗಲ. ಲೆಕ್ಕ ಹಾಕಿದ್ರೆ ಸುಮಾರು 35 ಎಕರೆ. ಮೋಡಿಸ್‌ನ ಒಂದು ಚೌಕ 1 ಚದರ ಕಿ.ಮೀ., ಅಂದ್ರೆ ಸುಮಾರು 247 ಎಕರೆ. ಇನ್ಸಾಟ್ ಬೆಂಕಿ ಹುಡುಕೋ ಚೌಕ 4 ಕಿ.ಮೀ. ಉದ್ದಗಲದ್ದು, ಅದರಲ್ಲಿ ಹತ್ತಿರ ಹತ್ತಿರ 4,000 ಎಕರೆ ಬಂತು.

ಚುಕ್ಕಿ ಬಿದ್ದ ಮಾತ್ರಕ್ಕೆ ಅಷ್ಟೂ ಎಕರೆ ಸುಟ್ಟಿದೆ ಅಂತಲ್ಲ. ಆ ಚೌಕದೊಳಗೆ ಎಲ್ಲೋ ಒಂದು ಕಡೆ ಬೆಂಕಿ ಇದೆ ಅಂತ ಅಷ್ಟೇ. ಮೋಡಿಸ್ ಸಾಮಾನ್ಯವಾಗಿ 1,000 ಚದರ ಮೀಟರ್ ಉರಿಯೋ ಬೆಂಕಿಯನ್ನು ಹಿಡಿಯುತ್ತೆ. ನಮ್ಮ ಲೆಕ್ಕದಲ್ಲಿ ಅದು ಹತ್ತು ಗುಂಟೆ. ಹತ್ತು ಗುಂಟೆ ಬೆಂಕಿಗೂ 247 ಎಕರೆ ಚೌಕದ ಮೇಲೆ ಒಂದೇ ಚುಕ್ಕಿ, ನೂರು ಎಕರೆ ಬೆಂಕಿಗೂ ಒಂದೇ ಚುಕ್ಕಿ. ಚುಕ್ಕಿ ಇರೋದು ಚೌಕದ ನಡುವೆ. ಹಾಗಾಗಿ ಮ್ಯಾಪ್ ದೊಡ್ಡದು ಮಾಡಿ ನೋಡಿ 'ಇಂಥವರ ತೋಟಕ್ಕೇ ಬೆಂಕಿ ಬಿದ್ದಿದೆ' ಅಂತ ಬೆರಳು ತೋರಿಸೋದು ತಪ್ಪು.

ಇನ್ನೊಂದು ಎಚ್ಚರಿಕೆ: ಬಿಸಿ ಇರೋದೆಲ್ಲ ಕಾಳ್ಗಿಚ್ಚಲ್ಲ. ಇಟ್ಟಿಗೆ ಗೂಡು, ಕಾರ್ಖಾನೆ ಕುಲುಮೆ ಕೂಡ ಚುಕ್ಕಿ ತರಿಸಬಹುದು. ಬಿಸಿಲು ತಗಡಿನ ಛಾವಣಿ ಅಥವಾ ಸೋಲಾರ್ ಫಲಕಗಳ ಮೇಲೆ ಬಿದ್ದು ಪ್ರತಿಫಲಿಸಿದಾಗಲೂ ಒಮ್ಮೊಮ್ಮೆ ಉಪಗ್ರಹ ಮೋಸ ಹೋಗುತ್ತೆ. ಒಂದೇ ಜಾಗದಲ್ಲಿ ವಾರಗಟ್ಟಲೆ ಚುಕ್ಕಿ ಬರ್ತಿದ್ರೆ ಅದು ಕಾಡಿನ ಬೆಂಕಿ ಆಗಿರೋ ಸಾಧ್ಯತೆ ಕಡಿಮೆ.

ಫೋಟೋದಲ್ಲಿ ಹೊಗೆ ಗುರುತಿಸೋದು

ಮೋಡ ಬೆಳ್ಳಗೆ, ಅಂಚು ಸ್ಪಷ್ಟ, ಹತ್ತಿ ಉಂಡೆ ಥರ. ಹೊಗೆ ಬೂದು ಇಲ್ಲವೇ ತಿಳಿ ನೀಲಿ ಬಣ್ಣ, ಅಂಚು ಮಸುಕು, ಕೆಳಗಿನ ನೆಲ ಅರೆಬರೆ ಕಾಣ್ತಿರುತ್ತೆ. ಕಾಡಿನ ಬೆಂಕಿಯ ಹೊಗೆ ಒಂದು ಕಡೆಯಿಂದ ಚೂಪಾಗಿ ಹೊರಟು ಮುಂದೆ ಹೋಗ್ತಾ ಬೀಸಣಿಗೆ ಥರ ಅಗಲ ಆಗುತ್ತೆ. ಚೂಪು ತುದಿಯ ಹತ್ತಿರ ಬೆಂಕಿ ಚುಕ್ಕಿಯೂ ಇದ್ರೆ ಮೂಲ ಬಹುತೇಕ ಸಿಕ್ಕ ಹಾಗೆ.

ಊರಿನ ಮೇಲೆ ನಾಲ್ಕೂ ಕಡೆ ಒಂದೇ ಸಮ ಮಬ್ಬು ಇದ್ದು, ಚೂಪು ತುದಿ ಎಲ್ಲೂ ಸಿಗದಿದ್ರೆ ಅದು ಧೂಳು, ವಾಹನದ ಹೊಗೆ, ಮಂಜು ಎಲ್ಲಾ ಸೇರಿದ ಮಬ್ಬು ಇರಬಹುದು.

ನೆಲದಿಂದ ನೋಡುವಾಗ ಬಣ್ಣವೂ ಸುಳಿವು ಕೊಡುತ್ತೆ. 2019ರ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಆಗ ಎದ್ದಿದ್ದು ಟಯರ್, ಪೆಟ್ರೋಲ್, ಪ್ಲಾಸ್ಟಿಕ್ ಸುಟ್ಟ ದಟ್ಟ ಕಪ್ಪು ಹೊಗೆ. ಹುಲ್ಲು, ಮರ ಸುಟ್ಟ ಹೊಗೆ ಸಾಮಾನ್ಯವಾಗಿ ಬಿಳಿ ಅಥವಾ ಬೂದು. ಕಡುಕಪ್ಪು ಹೊಗೆ ಕಂಡ್ರೆ ಗೋಡೌನ್, ಗುಜರಿ, ಟಯರ್ ಬೆಂಕಿ ಅಂತಲೇ ಮೊದಲು ಯೋಚಿಸಬೇಕು.

ಅದೇ ದಿನ ಬಂಡೀಪುರದಲ್ಲಿ

ಯಲಹಂಕದಲ್ಲಿ ಕಾರುಗಳು ಸುಟ್ಟ ಅದೇ ಶನಿವಾರ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವೂ ಉರೀತಿತ್ತು. ಫೆಬ್ರವರಿ 21ರಂದು ಕಾಣಿಸಿಕೊಂಡ ಬೆಂಕಿ ಗಾಳಿಗೆ ಸಿಕ್ಕಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿತು. ಫೆಬ್ರವರಿ 25ಕ್ಕೆ ತಮಿಳುನಾಡಿನ ಸೂಲೂರಿನಿಂದ ವಾಯುಪಡೆಯ ಎರಡು ಎಂಐ-17 ಹೆಲಿಕಾಪ್ಟರ್‌ಗಳು ಬಂದು ದೊಡ್ಡ ಬಕೆಟ್‌ನಲ್ಲಿ ನೀರು ತಂದು ಸುರಿದವು. ನಂತರ ಎಷ್ಟು ಕಾಡು ಸುಟ್ಟಿದೆ ಅಂತ ಹೈದರಾಬಾದ್‌ನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರದಿಂದ ಅಳೆಯಿತು. ಅದು 10,000 ಎಕರೆ ದಾಟಿತ್ತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಉಪಗ್ರಹದ ಅತಿ ನಂಬಿಕಸ್ಥ ಕೆಲಸ ನಡೆಯೋದು ಬೆಂಕಿ ಆರಿದ ಮೇಲೆ. ಸುಟ್ಟ ನೆಲ ಕಪ್ಪಾಗಿ ವಾರಗಟ್ಟಲೆ ಉಳಿಯುತ್ತೆ, ಅದನ್ನು ನಿಧಾನವಾಗಿ ಅಳೆಯಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ 10 ಮೀಟರ್ ಮಟ್ಟದ ವಿವರ ಸಿಗುತ್ತೆ. ಆದ್ರೆ ಬೆಂಕಿ ಬಿದ್ದ ಮೊದಲ ಒಂದು ಗಂಟೆ ಉಪಗ್ರಹದ ಕೈಯಲ್ಲಿ ಇರಲ್ಲ.

ಆ ಮೊದಲ ಗಂಟೆ ಕಳೆದುಹೋದ್ರೆ ಬೆಲೆ ಕಟ್ಟೋರು ಬೆಂಕಿಯ ಮುಂದೆ ನಿಲ್ಲೋ ಸಿಬ್ಬಂದಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಳ್ಗಿಚ್ಚಿನಲ್ಲಿ ಇನ್ನೊಬ್ಬ ಅರಣ್ಯ ರಕ್ಷಕ ಸುಟ್ಟ ಗಾಯಗಳಿಂದ ಪ್ರಾಣ ಬಿಟ್ಟರು. ಇಬ್ಬರೂ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯೋ ಕೆಲಸದವರು.

ನಮ್ಮ ಮೂರು ಊರಿಗೆ ಗಾಳಿ ಲೆಕ್ಕ

ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕಡೆ ಬೀಸೋದು ಬಹುಪಾಲು ಮೂಡಗಾಳಿ, ಇಲ್ಲವೇ ಆಗ್ನೇಯದ ಗಾಳಿ. ಬೇಸಿಗೆ ಬಲಿತು ಮುಂಗಾರು ಹತ್ತಿರ ಬರ್ತಾ ಪಶ್ಚಿಮದ ಗಾಳಿ ಜೋರಾಗುತ್ತೆ. ಗಾಳಿಗೆ ಹೆಸರಿಡೋದು ಅದು ಬರೋ ದಿಕ್ಕಿನಿಂದ. ಮೂಡಗಾಳಿ ಅಂದ್ರೆ ಪೂರ್ವದಿಂದ ಬಂದು ಪಶ್ಚಿಮಕ್ಕೆ ಹೋಗೋ ಗಾಳಿ.

ತುಮಕೂರು ನಗರ: ದೇವರಾಯನದುರ್ಗ ನಗರದ ಪೂರ್ವಕ್ಕೆ, ನೇರ ಅಳತೆಯಲ್ಲಿ ಸುಮಾರು 12 ಕಿ.ಮೀ. ಮೂಡಗಾಳಿ ಗಂಟೆಗೆ 12 ಕಿ.ಮೀ. ವೇಗದಲ್ಲಿದ್ರೆ ದುರ್ಗದ ಹೊಗೆ ಒಂದು ಗಂಟೆಯಲ್ಲಿ ನಗರ ತಲುಪಬಹುದು.

ಗುಬ್ಬಿ: ತುಮಕೂರಿನ ಪಶ್ಚಿಮಕ್ಕಿದೆ. ದೇವರಾಯನದುರ್ಗದಿಂದ ನೇರ 30 ಕಿ.ಮೀ. ಹತ್ತಿರ. ಅದೇ ಗಾಳಿಗೆ ಎರಡೂವರೆ ಗಂಟೆ ದಾರಿ. ಅಷ್ಟು ದೂರ ಬರುವಾಗ ಹೊಗೆ ತೆಳು ಆಗಿರುತ್ತೆ. ಹಾಗಾಗಿ ತುಮಕೂರಿನಲ್ಲಿ ಏನೂ ಇಲ್ಲದೆ ಗುಬ್ಬಿ ಪೇಟೆಯಲ್ಲಿ ಮಾತ್ರ ದಟ್ಟ ಹೊಗೆ ಇದ್ರೆ ಅದು ದುರ್ಗದ್ದಲ್ಲ, ಹತ್ತಿರದ್ದೇ.

ಕುಣಿಗಲ್: ಇಲ್ಲಿಗೆ ದೇವರಾಯನದುರ್ಗದ ಹೊಗೆ ಬರಬೇಕಾದ್ರೆ ಈಶಾನ್ಯದ ಗಾಳಿ ಬೇಕು, ದೂರವೂ 40 ಕಿ.ಮೀ. ದಾಟುತ್ತೆ. ಕುಣಿಗಲ್‌ನವರು ಮೊದಲು ನೋಡಬೇಕಾದ್ದು ದಕ್ಷಿಣದ ಹುಲಿಯೂರುದುರ್ಗದ ಕಡೆ, ಮತ್ತು ಪೂರ್ವ, ಆಗ್ನೇಯದ ಸಾವನದುರ್ಗದ ಕಡೆ. ಸಾವನದುರ್ಗ ನೇರ ಅಳತೆಯಲ್ಲಿ ಸುಮಾರು 30 ಕಿ.ಮೀ.

ಇನ್ನು ಬಂಡೀಪುರ. ಕುಣಿಗಲ್‌ನಿಂದ ನೇರ 150 ಕಿ.ಮೀ.ಗೂ ಹೆಚ್ಚು, ಅದೂ ದಕ್ಷಿಣಕ್ಕೆ. ಮೂಡಗಾಳಿ ಇದ್ದಾಗ ಅಲ್ಲಿನ ಹೊಗೆ ಕೇರಳದ ವಯನಾಡಿನ ಕಡೆ ಹೋಗುತ್ತೆ ಹೊರತು ಕುಣಿಗಲ್ ಕಡೆ ಬರಲ್ಲ. ದಕ್ಷಿಣದ ಗಾಳಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದೇ ಸಮ ಹತ್ತು ಗಂಟೆ ಬೀಸಿದ್ರೆ ಮಾತ್ರ ಇಲ್ಲಿಗೆ ಬರೋ ಮಾತು.

ದೂರದ ಹೊಗೆ ಬರೋದೇ ಇಲ್ಲ ಅಂತಲ್ಲ. 2023ರ ಜೂನ್‌ನಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ನೂರಾರು ಕಿ.ಮೀ. ದಾಟಿ ಬಂದು ನ್ಯೂಯಾರ್ಕ್ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತ್ತು. ಅದೇ ತಿಂಗಳ ಕೊನೆಗೆ ಅಟ್ಲಾಂಟಿಕ್ ಸಾಗರ ದಾಟಿ ಯುರೋಪ್ ಮುಟ್ಟಿತು. ಆದ್ರೆ ಅಂಥ ಹೊಗೆ ಉಪಗ್ರಹ ಫೋಟೋದಲ್ಲಿ ದೊಡ್ಡ ಹೊದಿಕೆ ಥರ ಎದ್ದು ಕಾಣುತ್ತೆ.

ಮೇಲಿನ ಹೊಗೆ, ಮೂಗಿಗೆ ಬರೋ ಹೊಗೆ

ಉಪಗ್ರಹ ನೋಡೋದು ಮೇಲಿಂದ. ಹೊಗೆ ಎರಡು ಕಿ.ಮೀ. ಎತ್ತರದಲ್ಲಿ ಇದೆಯೋ, ಅಂಗಡಿ ಮುಂದೆ ಇದೆಯೋ ಅನ್ನೋದು ಒಂದು ಫೋಟೋದಿಂದ ಗೊತ್ತಾಗಲ್ಲ. ಚಿತ್ರದಲ್ಲಿ ಹೊಗೆ ದಟ್ಟವಾಗಿದ್ದೂ ಕೆಳಗೆ ಗಾಳಿ ಶುದ್ಧ ಇರಬಹುದು.

ಇದರ ಉಲ್ಟಾನೂ ನಡೆಯುತ್ತೆ. ಚಳಿ ಇರೋ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದ ಹಾಗೆ ಕೂತಿರುತ್ತೆ. ಆಗ ರಾತ್ರಿ ಹಚ್ಚಿದ ಸಣ್ಣ ಬೆಂಕಿಯ ಹೊಗೆಯೂ ಮೇಲೆ ಹೋಗದೆ ಬೀದಿಯಲ್ಲೇ ನಿಲ್ಲುತ್ತೆ. ಬಿಸಿಲು ಏರಿದ ಮೇಲೆ ಕರಗುತ್ತೆ. ಬೆಳಗ್ಗೆ 7ಕ್ಕೆ ಜೋರಾಗಿದ್ದು 11ಕ್ಕೆ ಇಲ್ಲದಂತಾದ ಹೊಗೆ ಬಹಳ ಸಲ ಈ ಥರದ್ದೇ. ಮಧ್ಯಾಹ್ನ ಒಂದೂವರೆಗೆ ಬರೋ ಉಪಗ್ರಹಕ್ಕೆ ಅದು ಸಿಗಲ್ಲ. ತೆಂಗಿನ ಗರಿ, ಅಡಿಕೆ ಸಿಪ್ಪೆ, ಖಾಲಿ ಸೈಟಿನ ಕಸ, ಅಂಗಡಿ ಹಿಂದಿನ ರಟ್ಟು, ಪ್ಲಾಸ್ಟಿಕ್ ಸುಟ್ಟ ಹೊಗೆಗಳು ಬಹುಪಾಲು ಈ ಲೆಕ್ಕಕ್ಕೆ ಬರ್ತವೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಕೊಟ್ಟಿದೆ.

ಮೂಗಿನ ಮಟ್ಟದ ಹೊಗೆ ತಿಳಿಯೋಕೆ ನೆಲದ ಮೇಲಿನ ಅಳತೆ ಯಂತ್ರವೇ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹತ್ತಿರದ ಕೇಂದ್ರದ ಗಾಳಿ ಗುಣಮಟ್ಟ ಸೂಚ್ಯಂಕ ನೋಡಬಹುದು. 100ರೊಳಗೆ ಇದ್ರೆ ಚಿಂತೆ ಇಲ್ಲ. 200 ದಾಟಿದ್ರೆ 'ಕಳಪೆ', 300 ದಾಟಿದ್ರೆ 'ಅತಿ ಕಳಪೆ'. ಹೊಗೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಪಿಎಂ 2.5 ಅನ್ನೋ ಸಣ್ಣ ಕಣ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ.

ಫೋನ್‌ನಲ್ಲಿ ನೋಡೋ ಕ್ರಮ

1. ನಾಸಾದ 'ಫರ್ಮ್ಸ್' ವೆಬ್‌ಸೈಟ್ ತೆಗೆದು ತುಮಕೂರು ಜಿಲ್ಲೆಗೆ ಬನ್ನಿ. ದುಡ್ಡಿಲ್ಲ, ಲಾಗಿನ್ ಬೇಡ. ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯೊಳಗೆ ಚುಕ್ಕಿ ಬರುತ್ತೆ.

2. ಚುಕ್ಕಿ ಒತ್ತಿ ದಿನಾಂಕ, ಸಮಯ ನೋಡಿ. ಸಮಯ ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಇದ್ರೆ ಐದೂವರೆ ಗಂಟೆ ಕೂಡಿಸಿ. 8:00 ಅಂತ ಇದ್ರೆ ನಮ್ಮ ಮಧ್ಯಾಹ್ನ 1:30. ಗ್ರೂಪಿಗೆ ಬರೋ ಎಷ್ಟೋ ಮ್ಯಾಪ್‌ಗಳು ನಿನ್ನೆ, ಮೊನ್ನೆಯವು.

3. ನಂಬಿಕೆ ಮಟ್ಟ ಕಡಿಮೆ ಅಂತ ಬರೆದಿದ್ರೆ ಆ ಚುಕ್ಕಿಯನ್ನು ಬೇರೆ ಕಡೆ ಖಚಿತ ಮಾಡದೆ ಹಂಚಬೇಡಿ.

4. ನಾಸಾದ 'ವರ್ಲ್ಡ್‌ವ್ಯೂ'ನಲ್ಲಿ ಅದೇ ದಿನದ ಫೋಟೋ ತೆಗೆದು ಬೀಸಣಿಗೆ ಆಕಾರದ ಹೊಗೆ ಇದೆಯಾ ನೋಡಿ. ಅರ್ಧರ್ಧ ಗಂಟೆಯ ಚಿತ್ರ ಬೇಕಿದ್ರೆ ಇಸ್ರೋದ 'ಮೊಸ್ಡಾಕ್' ತಾಣದಲ್ಲಿ ಇನ್ಸಾಟ್ ಚಿತ್ರಗಳಿವೆ.

5. 'ವಿಂಡಿ' ಥರದ ಆ್ಯಪ್‌ನಲ್ಲಿ ಗಾಳಿ ದಿಕ್ಕು ನೋಡಿ. ನಿಮ್ಮ ಊರಿಂದ ಗಾಳಿ ಬಂದ ದಾರಿಯಲ್ಲಿ ಹಿಂದಕ್ಕೆ ಗೆರೆ ಎಳೆಯಿರಿ. ಗೆರೆ ಮೇಲೆ ಚುಕ್ಕಿ ಸಿಕ್ಕಿ, ಹೊತ್ತೂ ಹೊಂದಿದ್ರೆ ಅದೇ ಮೂಲ ಇರಬಹುದು. ಗೆರೆ ಮೇಲೆ ಏನೂ ಸಿಗದಿದ್ರೆ ಹತ್ತಿರದ ಸಣ್ಣ ಬೆಂಕಿ ಹುಡುಕಿ.

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಬೆಂಕಿ ಮಾಹಿತಿಯನ್ನು ರಾಜ್ಯಗಳ ಅರಣ್ಯ ಇಲಾಖೆಗೆ ಕಳಿಸ್ತಿದೆ. ಈಗ ಎಸ್‌ಎಂಎಸ್ ಮೂಲಕವೂ ಬರುತ್ತೆ, ಸಾರ್ವಜನಿಕರೂ ಅವರ ತಾಣದಲ್ಲಿ ಮೊಬೈಲ್ ನಂಬರ್ ನೋಂದಾಯಿಸಬಹುದು.

ಬೆಂಕಿ ಕಂಡ್ರೆ ಮ್ಯಾಪ್ ಆಮೇಲೆ

ಗುಡ್ಡದಲ್ಲಿ ಬೆಂಕಿ ಕಣ್ಣಿಗೆ ಕಂಡ್ರೆ ಉಪಗ್ರಹ ಚಿತ್ರಕ್ಕೆ ಕಾಯೋ ಅಗತ್ಯ ಇಲ್ಲ. ಅರಣ್ಯ ಸಹಾಯವಾಣಿ 1926ಕ್ಕೆ ಮೊದಲು ಫೋನ್ ಮಾಡಿ. ಮನೆ, ಅಂಗಡಿ, ತೋಟದ ಹತ್ತಿರ ಇದ್ರೆ ಅಗ್ನಿಶಾಮಕ ದಳ 101 ಅಥವಾ 112. ಹೇಳುವಾಗ ಗುಡ್ಡದ ಹೆಸರು, ಹತ್ತಿರದ ಹಳ್ಳಿ ಅಥವಾ ದೇವಸ್ಥಾನ, ಹೊಗೆ ಯಾವ ಕಡೆ ಬಾಗಿದೆ ಅನ್ನೋದು ಹೇಳಿದ್ರೆ ಸಿಬ್ಬಂದಿಗೆ ದಾರಿ ಸುಲಭ. ಜಿಪಿಎಸ್ ಲೊಕೇಶನ್ ಕಳಿಸಿದ್ರೆ ಇನ್ನೂ ಒಳ್ಳೇದು. ತಾವೇ ಬೆಂಕಿ ಬಡಿಯೋಕೆ ಗುಡ್ಡ ಹತ್ತೋದು ಬೇಡ. ಗಾಳಿ ತಿರುಗಿದ್ರೆ ಅನುಭವಸ್ಥ ಸಿಬ್ಬಂದಿಗೂ ತಪ್ಪಿಸಿಕೊಳ್ಳೋದು ಕಷ್ಟ.

ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚೋದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಕಾಡಂಚಿನ ಹೊಲದವರು ಬದುವಿನ ಹುಲ್ಲು ಸುಡೋ ಮುಂಚೆ ಮೂಡಗಾಳಿ ಎಷ್ಟು ಜೋರಿದೆ ನೋಡಬೇಕು, ಆದಷ್ಟು ಸುಡದೇ ಇರೋದು ಮೇಲು.

ಹೊಗೆ ಊರೊಳಗೆ ಬಂದ ದಿನ ಬೀದಿಬದಿ ಅಂಗಡಿಯವರು, ತಳ್ಳುಗಾಡಿಯವರು ಎನ್-95 ಮಾಸ್ಕ್ ಹಾಕೋದು ಒಳ್ಳೇದು. ಕರವಸ್ತ್ರ, ಟವೆಲ್ ಸಣ್ಣ ಕಣ ತಡೆಯಲ್ಲ. ಅಂಗಡಿ ಮುಂದೆ ಒಣ ಕಸ ಗುಡಿಸೋ ಬದಲು ನೀರು ಚಿಮುಕಿಸಿ. ಆಸ್ತಮಾ, ಹೃದಯದ ತೊಂದರೆ ಇರೋರು, ಬಸುರಿಯರು, ಚಿಕ್ಕ ಮಕ್ಕಳು ಬೆಳಗಿನ ಹೊತ್ತು ಒಳಗಿರಲಿ. ಉಸಿರು ಕಟ್ಟಿದ ಹಾಗಾದ್ರೆ, ಎದೆ ಹಿಡಿದ್ರೆ ತಡ ಮಾಡದೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಗ್ರೂಪಿಗೆ ಕೆಂಪು ಚುಕ್ಕಿ ಮ್ಯಾಪ್ ಬಂದಾಗ ಕೇಳಬೇಕಾದ ಪ್ರಶ್ನೆ ಮೂರು: ಚುಕ್ಕಿ ಯಾವ ಹೊತ್ತಿನದು? ಗಾಳಿ ಯಾವ ಕಡೆಯಿಂದ? 1926ಕ್ಕೆ ಯಾರಾದ್ರೂ ಫೋನ್ ಮಾಡಿದ್ರಾ?